ಕೆಲಸಕ್ಕಾಗಿ ಕಾರವಾರಕ್ಕೆ ಬರಬೇಕೇ, ಬೇಡವೇ: ಹೊರಡುವ ಮುನ್ನ ಮಾಡಬೇಕಾದ ಲೆಕ್ಕ

ಚಳಿಗಾಲ ಮುಗಿಯುತ್ತ ಬಂದಂತೆ ನನಗೆ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. ಪರಿಚಯದವರ ಮಗ, ಹಳೆಯ ಸಹೋದ್ಯೋಗಿಯ ತಂಗಿ, ಹೀಗೆ ಯಾರಾದರೊಬ್ಬರು. "ಅಕ್ಕಾ, ಕಾರವಾರದಲ್ಲಿ ಕೆಲಸ ಸಿಕ್ಕಿದೆ. ಬರಬಹುದೇ?" ಕೇಳುವವರಲ್ಲಿ ಹೆಚ್ಚಿನವರು ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಸಂದರ್ಶನಕ್ಕೆ ಬಂದು, ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಅರ್ಧ ಗಂಟೆ ಕುಳಿತು, ರಾತ್ರಿ ಹುರಿದ ಬಂಗಡೆ ತಿಂದು, ಅರ್ಧ ಮನಸ್ಸನ್ನು ಇಲ್ಲಿಯೇ ಬಿಟ್ಟು ಹೋಗಿರುತ್ತಾರೆ. 2017ರ ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಬಂದ ನಾನೂ ಹಾಗೆಯೇ ಒಪ್ಪಿಕೊಂಡವಳು. ಮುಂದಿನ ಜುಲೈ ಹೊತ್ತಿಗೆ ಮೂರು ತಿಂಗಳ ಸಂಬಳ ಬಾಕಿಯಿತ್ತು, ಗೋಡೆಗೆ ಬೂಷ್ಟು ಹಿಡಿದಿತ್ತು, ಅತ್ತೆಗೆ ಎದೆನೋವು ಬಂದಾಗ ಯಾವ ಊರಿಗೆ ಓಡಬೇಕೆಂಬುದೇ ಗೊತ್ತಿರಲಿಲ್ಲ. ಆದರೂ ಉಳಿದೆ. ಈಗ ಈ ಊರು ಬಿಡಲು ನನಗೆ ಮನಸ್ಸಿಲ್ಲ.

ಕೇಳಿದವರಿಗೆಲ್ಲ ತುಂಡು ತುಂಡಾಗಿ ಹೇಳುತ್ತಿದ್ದುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಬೆಂಗಳೂರಿನಂಥ ನಗರಕ್ಕೆ ಹೋಗುವವರು ಸಿಕ್ಕ ಕೆಲಸವನ್ನಷ್ಟೇ ನೋಡಿದರೂ ನಡೆಯುತ್ತದೆ. ಅದು ಕೈಬಿಟ್ಟರೆ ಅದೇ ಊರಿನಲ್ಲಿ ಇನ್ನೊಂದು ಸಿಗುತ್ತದೆ. ಕಾರವಾರದಂಥ ಸೊರಗಿದ ಊರಿಗೆ ಬರುವವರು ಇನ್ನೂ ಕೈಗೆ ಬಾರದ ಎರಡನೆಯ ಕೆಲಸವನ್ನು ಮೊದಲು ಹುಡುಕಬೇಕು. ಊರನ್ನು ಜುಲೈ ತಿಂಗಳಿನಲ್ಲಿ ನೋಡಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ಎರಡು ಮಾತುಗಳ ವಿಸ್ತರಣೆ.

ಹೆಜ್ಜೆ 1: ಊರಿನ ದುಡಿಮೆ ಯಾವುದರ ಮೇಲೆ ನಿಂತಿದೆ ಎಂದು ತಿಳಿಯಿರಿ

ಕಾರವಾರದಲ್ಲಿ ಸಂಬಳ ಕೊಡುವ ಜಾಗಗಳನ್ನು ಎರಡು ಕೈಗಳ ಬೆರಳಿನಲ್ಲಿ ಎಣಿಸಿ ಮುಗಿಸಬಹುದು. ಜಿಲ್ಲಾ ಕೇಂದ್ರವಾದ್ದರಿಂದ ಸರ್ಕಾರಿ ಕಚೇರಿಗಳಿವೆ. ಅರಗಾದಲ್ಲಿ ಸೀಬರ್ಡ್ ನೌಕಾನೆಲೆ ಇದೆ. 1986ರಲ್ಲಿ ಅಡಿಗಲ್ಲು ಬಿದ್ದ ಯೋಜನೆ, 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೌಕಾಪಡೆಗೆ ಸೇರಿತು, ಅದರ ವಿಸ್ತರಣೆಯ ಕೆಲಸ ಈಗಲೂ ನಡೆದಿದೆ. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳು ಓಡುತ್ತಿವೆ. 700 ಮೆಗಾವಾಟ್‌ನ ಇನ್ನೆರಡರ ನಿರ್ಮಾಣ ಕೈಗೆತ್ತಿಕೊಂಡಿದ್ದಾರೆ. ಬೈತಖೋಲದಲ್ಲಿ ಬಂದರು ಮತ್ತು ಮೀನುಗಾರಿಕೆ, ಬಿಣಗಾದಲ್ಲಿ ರಾಸಾಯನಿಕ ಕಾರ್ಖಾನೆ, 2016ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು. ಉಳಿದ ಅಂಗಡಿ, ಹೋಟೆಲ್, ಗ್ಯಾರೇಜುಗಳೆಲ್ಲ ಇವುಗಳ ಸಂಬಳದ ಹಣ ತಿರುಗಾಡುವುದರಿಂದ ಬದುಕುತ್ತವೆ.

ಇವುಗಳಲ್ಲಿ ಒಂದು ಸೊರಗಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಇಲ್ಲಿನ ಬಂದರುಗಳಿಂದ ಕಬ್ಬಿಣದ ಅದಿರಿನ ರಫ್ತನ್ನು ನಿಷೇಧಿಸಿತು. ಅಕ್ರಮ ಅದಿರು ಸಾಗಣೆ ನಿಲ್ಲಲೇಬೇಕಿತ್ತು, ಆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಬಳ್ಳಾರಿ ಕಡೆಯಿಂದ ಬರುತ್ತಿದ್ದ ಲಾರಿಗಳ ಸಾಲು ನಿಂತಾಗ ಚಾಲಕರು ಮಾತ್ರ ಕೆಲಸ ಕಳೆದುಕೊಳ್ಳಲಿಲ್ಲ. ಹೆದ್ದಾರಿ ಬದಿಯಲ್ಲಿ ಟೈರ್ ಅಂಗಡಿ ಇಟ್ಟಿದ್ದವರೊಬ್ಬರು ನನಗೆ ಹೇಳಿದ್ದರು: "ಅದಿರಿಗೂ ನನಗೂ ಸಂಬಂಧ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಪಂಕ್ಚರ್ ಹಾಕಿಸಲು ಯಾರೂ ಬಾರದ ಮೇಲೆ ತಿಳಿಯಿತು."

ಈಗ ಒಂದು ಹಾಳೆ ತೆಗೆದುಕೊಂಡು, ನಿಮ್ಮ ವೃತ್ತಿಗೆ ಕಾರವಾರ, ಅಂಕೋಲಾ, ಕೈಗಾ ಸುತ್ತ ಕೆಲಸ ಕೊಡಬಲ್ಲವರ ಪಟ್ಟಿ ಮಾಡಿ. ನಿಮ್ಮನ್ನು ಕರೆದಿರುವ ಸಂಸ್ಥೆಯ ಹೆಸರನ್ನು ಹೊಡೆದುಹಾಕಿ. ಉಳಿದವರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿ ಕೇಳಿ. ಇಬ್ಬರಾದರೂ "ಜಾಗ ಖಾಲಿಯಾದಾಗ ತೆಗೆದುಕೊಳ್ಳುತ್ತೇವೆ" ಎಂದರೆ ಮುಂದಿನ ಹೆಜ್ಜೆಗೆ ಹೋಗಬಹುದು. ದಾದಿಯರು, ಪ್ರಯೋಗಾಲಯ ತಂತ್ರಜ್ಞರು, ಎಲೆಕ್ಟ್ರಿಷಿಯನ್‌ಗಳು, ವೆಲ್ಡರ್‌ಗಳು, ಲೆಕ್ಕಪತ್ರ ಬಲ್ಲವರು, ಇವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಹೆಸರುಗಳು ಉಳಿಯುತ್ತವೆ. ಜಾಹೀರಾತು, ವಿನ್ಯಾಸ, ಸಾಫ್ಟ್‌ವೇರ್‌ನಂಥ ಕೆಲಸದವರ ಹಾಳೆ ಖಾಲಿಯಾಗುತ್ತದೆ. ಅಂಥವರು ಮನೆಯಿಂದಲೇ ಮಾಡುವ ಕೆಲಸವನ್ನು ಕೈಯಲ್ಲಿ ಹಿಡಿದುಕೊಂಡೇ ಬರಬೇಕು.

"ಗೋವಾ ಪಕ್ಕದಲ್ಲೇ ಇದೆಯಲ್ಲ" ಎನ್ನುವವರು ಬಹಳ. ನಿಜ, ಮಾಜಾಳಿ ದಾಟಿದರೆ ಗೋವಾ. ಮಡಗಾಂವ್ 70 ಕಿಲೋಮೀಟರ್ ಆಸುಪಾಸು. ಇಲ್ಲಿನ ನೂರಾರು ಹುಡುಗರು ಬಸ್ಸಿನಲ್ಲಿ, ರೈಲಿನಲ್ಲಿ ಅಲ್ಲಿನ ಕಾರ್ಖಾನೆಗಳಿಗೆ ಹೋಗುತ್ತಾರೆ. ನನ್ನ ಗಂಡನೂ ಅಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾರೆ. ಸೋಮವಾರ ನಸುಕಿಗೆ ಹೊರಟರೆ ಮನೆಗೆ ಬರುವುದು ಶನಿವಾರ ರಾತ್ರಿ. 2020ರ ಲಾಕ್‌ಡೌನ್‌ನಲ್ಲಿ ಗಡಿ ಮುಚ್ಚಿದಾಗ ಅವರು ಆ ಕಡೆ, ನಾವು ಈ ಕಡೆ. ನಡುವಿನ ದೂರ ಎರಡು ಗಂಟೆಯ ದಾರಿ, ಕಾನೂನಿನ ಪ್ರಕಾರ ಬೇರೆಯೇ ರಾಜ್ಯ. ಆದ್ದರಿಂದ ಪಟ್ಟಿಯಲ್ಲಿ ಗೋವಾದ ಕೆಲಸವನ್ನು ಬರೆಯಿರಿ, ಆದರೆ ಅರ್ಧ ಎಂದು ಬರೆಯಿರಿ.

ಹೆಜ್ಜೆ 2: ಕೆಲಸದ ಕಾಗದವನ್ನು ಎರಡು ಸಲ ಓದಿ

ನನ್ನ ನೇಮಕಾತಿ ಪತ್ರದಲ್ಲಿ ಸಂಬಳವಿತ್ತು, ಹುದ್ದೆಯ ಹೆಸರಿತ್ತು, ಕೆಳಗೆ ಸೀಲು ಇತ್ತು. ನಾನು ಓದದೆ ಬಿಟ್ಟಿದ್ದು ಪತ್ರದ ಶಿರೋನಾಮೆಯನ್ನು. ನನ್ನನ್ನು ನೇಮಿಸಿಕೊಂಡವರು ದೊಡ್ಡ ಗುತ್ತಿಗೆದಾರರಾಗಿರಲಿಲ್ಲ, ಅವರ ಕೈಕೆಳಗಿನ ಉಪಗುತ್ತಿಗೆದಾರರು. ಮೇಲಿನಿಂದ ಬಿಲ್ ಪಾಸಾಗದಿದ್ದರೆ ಕೆಳಗೆ ಸಂಬಳವಿಲ್ಲ. ಲೆಕ್ಕ ಬರೆಯುವವಳು ನಾನೇ ಆದ್ದರಿಂದ ಹಣ ಬಂದಿಲ್ಲವೆಂಬುದು ಎಲ್ಲರಿಗಿಂತ ಮೊದಲು ನನಗೇ ಗೊತ್ತಾಗುತ್ತಿತ್ತು. ಏಪ್ರಿಲ್, ಮೇ, ಜೂನ್ ಮೂರೂ ತಿಂಗಳು ಹಾಗೆಯೇ ಕಳೆದೆ. ಬಾಕಿ ಕೈಸೇರಿದ್ದು ದೀಪಾವಳಿಗೆ, ಅದೂ ಪೂರ್ತಿಯಲ್ಲ.

ಈ ಊರಿನ ಹೊಸ ಉದ್ಯೋಗಗಳಲ್ಲಿ ದೊಡ್ಡ ಪಾಲು ನಿರ್ಮಾಣ ಮತ್ತು ನಿರ್ವಹಣೆಯ ಗುತ್ತಿಗೆಯದು. ಹಾಗಾಗಿ ಒಪ್ಪಿಗೆ ಕೊಡುವ ಮುನ್ನ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ: ನೀವು ನೇರ ಗುತ್ತಿಗೆದಾರರೇ, ಉಪಗುತ್ತಿಗೆದಾರರೇ? ಈ ಕೆಲಸದ ಗುತ್ತಿಗೆ ಯಾವ ತಿಂಗಳಿಗೆ ಮುಗಿಯುತ್ತದೆ? ಮುಗಿದ ಮೇಲೆ ನನ್ನನ್ನು ಇಲ್ಲಿಯೇ ಇಟ್ಟುಕೊಳ್ಳುತ್ತೀರೋ, ಬೇರೆ ರಾಜ್ಯಕ್ಕೆ ಕಳುಹಿಸುತ್ತೀರೋ? ಕೊನೆಯ ಪ್ರಶ್ನೆಗೆ "ಆಗ ನೋಡೋಣ" ಎಂದರೆ, ಅದೇ ಉತ್ತರ ಎಂದು ತಿಳಿಯಿರಿ.

ಸೇರಿದ ಎರಡನೆಯ ತಿಂಗಳಲ್ಲಿ ನಿಮ್ಮ ಯುಎಎನ್ ಸಂಖ್ಯೆಯಿಂದ ಭವಿಷ್ಯ ನಿಧಿಯ ಪಾಸ್‌ಬುಕ್ ತೆರೆದು ನೋಡಿ. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಕಾಣಿಸಿ, ಪಾಸ್‌ಬುಕ್‌ನಲ್ಲಿ ಜಮೆಯಾಗದಿದ್ದರೆ ಅದು ಮುಂಬರುವ ತೊಂದರೆಯ ಮೊದಲ ಸುಳಿವು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಉದ್ಯೋಗದಾತ, ಅಂದರೆ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಸಂಸ್ಥೆ, ಕೊಡಬೇಕೆಂಬ ಹೊಣೆ ಕಾರ್ಮಿಕ ಕಾನೂನಿನಲ್ಲಿದೆ. ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಲು ನಿಮ್ಮ ಕೈಯಲ್ಲಿ ನೇಮಕಾತಿ ಪತ್ರ, ಸಂಬಳದ ಚೀಟಿ, ಗೇಟ್ ಪಾಸಿನ ಪ್ರತಿ ಇರಬೇಕು. ಮೊದಲ ದಿನದಿಂದಲೇ ಜೋಪಾನ ಮಾಡಿ.

ಹೆಜ್ಜೆ 3: ಸಂಬಳದ ಲೆಕ್ಕ

ಸರ್ಕಾರಿ ನೌಕರರು ವರ್ಗಾವಣೆಯಾಗಿ ಬರುವಾಗ ಮೊದಲು ಕಡಿಮೆಯಾಗುವುದು ಮನೆ ಬಾಡಿಗೆ ಭತ್ಯೆ. ಕೇಂದ್ರ ಸರ್ಕಾರಿ ನೌಕರರಿಗೆ ಬೆಂಗಳೂರಿನಲ್ಲಿ ಮೂಲ ವೇತನದ ಶೇ. 30 ಇದ್ದದ್ದು ಇಲ್ಲಿ ಶೇ. 10 ಆಗುತ್ತದೆ, ರಾಜ್ಯ ಸರ್ಕಾರಿ ನೌಕರರಿಗೆ ಶೇ. 20ರಿಂದ 7.5ಕ್ಕೆ ಇಳಿಯುತ್ತದೆ. 50,000 ರೂಪಾಯಿ ಮೂಲ ವೇತನವಿರುವ ರಾಜ್ಯ ನೌಕರರಿಗೆ ತಿಂಗಳಿಗೆ 6,250 ರೂಪಾಯಿ ಕಡಿತ. ಬಾಡಿಗೆ ಅದಕ್ಕಿಂತ ಹೆಚ್ಚು ಇಳಿಯುವುದೇ ಎಂದು ನೋಡಬೇಕು. ನೌಕಾನೆಲೆಯ ಕುಟುಂಬಗಳು ಬಾಡಿಗೆಗೆ ಹುಡುಕುವ ಕಡೆಗಳಲ್ಲಿ ಇಳಿಯುವುದು ನೀವು ಅಂದುಕೊಂಡಷ್ಟಿಲ್ಲ.

ನನ್ನ ಲೆಕ್ಕವನ್ನೇ ಹೇಳುತ್ತೇನೆ. ಬೆಂಗಳೂರಿನಲ್ಲಿ 42,000, ಇಲ್ಲಿ 36,000. ಬಾಡಿಗೆ 15,000 ಇದ್ದದ್ದು 7,500 ಆಯಿತು. 1,500 ರೂಪಾಯಿ ಉಳಿತಾಯವೆಂದು ಖುಷಿಪಟ್ಟೆ. ನಾನು ಸೇರಿಸದೆ ಬಿಟ್ಟಿದ್ದು ಗಂಡನಿಗೆ ಕೆಲಸ ಸಿಗುವವರೆಗಿನ ಐದು ತಿಂಗಳು. ಅದನ್ನು ಕೂಡಿದರೆ ಉಳಿತಾಯದ ಮಾತೇ ಇಲ್ಲ. ಊರಿಗೆ ಹೋಗಿಬರುವ ಖರ್ಚು, ಆಸ್ಪತ್ರೆಗೆಂದು ಬಾಡಿಗೆ ಕಾರು, ಮಳೆಗಾಲ ಮುಗಿದ ಮೇಲೆ ರಿಪೇರಿಗೆ ಬರುವ ಮಿಕ್ಸರ್, ಇಸ್ತ್ರಿಪೆಟ್ಟಿಗೆಗಳು, ಇವೆಲ್ಲವನ್ನೂ ವರ್ಷದ ಲೆಕ್ಕಕ್ಕೆ ಹಾಕಿ. ತಿಂಗಳ ಲೆಕ್ಕದಲ್ಲಿ ಈ ಖರ್ಚುಗಳು ಕಣ್ಣಿಗೆ ಬೀಳುವುದಿಲ್ಲ.

ತರಕಾರಿ ಅಗ್ಗವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಘಟ್ಟ ಇಳಿದು ಬರಬೇಕು. ಅದಕ್ಕೇ ನಾವು ಭಾನುವಾರದ ಸಂತೆಯಲ್ಲಿ ವಾರಕ್ಕಾಗುವಷ್ಟು ತಂದಿಡುತ್ತೇವೆ. ಮೀನು ತಿನ್ನುವವರಿಗೆ ಹತ್ತು ತಿಂಗಳು ಸುಖವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಒಣಮೀನೇ ಗತಿ. ಹೋಟೆಲ್, ಪ್ರವಾಸೋದ್ಯಮ, ಮಂಜುಗಡ್ಡೆ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಬರುವವರು ಆ ಎರಡು ತಿಂಗಳ ಸಂಬಳದ ಕುರಿತು ಬಾಯಿಬಿಟ್ಟು ಕೇಳಲೇಬೇಕು.

ಹೆಜ್ಜೆ 4: ಜುಲೈನಲ್ಲಿ ಮೂರು ದಿನ ಬಂದು ಇರಿ

ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಕಾರವಾರ ತಲುಪಿಸುತ್ತದೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆ ವೇಳಾಪಟ್ಟಿ, ಗಾಡಿಗಳು ನಿಧಾನವಾಗಿ ಓಡುತ್ತವೆ. ನಿಲ್ದಾಣವಿರುವುದು ಶಿರವಾಡದಲ್ಲಿ, ಊರಿನಿಂದ ಹೊರಗೆ. ಸುರಿಯುವ ಮಳೆಯಲ್ಲಿ ಸಾಮಾನು ಹಿಡಿದು ಆಟೊ ಹುಡುಕುವುದರಿಂದಲೇ ನಿಮ್ಮ ಪರೀಕ್ಷೆ ಶುರುವಾಗಲಿ.

ಮನೆ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಡಿಸೆಂಬರ್‌ನಲ್ಲಿ ಹೊಸದಾಗಿ ಬಣ್ಣ ಬಳಿದ ಗೋಡೆ ಎಲ್ಲವನ್ನೂ ಮುಚ್ಚಿಡುತ್ತದೆ. ಜುಲೈನಲ್ಲಿ ಕಪಾಟಿನ ಹಿಂದಿನ ಗೋಡೆಯ ಮೇಲೆ ಹೆಬ್ಬೆರಳು ಒತ್ತಿ ಎಳೆಯಿರಿ. ಸುಣ್ಣ ಒದ್ದೆ ಹಿಟ್ಟಿನಂತೆ ಬೆರಳಿಗೆ ಅಂಟಿದರೆ ಆ ಕೋಣೆಯಲ್ಲಿ ಮಗುವನ್ನು ಮಲಗಿಸಲಾಗದು. ಕಿಟಕಿಯ ಸರಳುಗಳ ಬುಡ ನೋಡಿ. ಸಮುದ್ರದ ಕಡೆ ಮುಖ ಮಾಡಿದ ಮನೆಯಲ್ಲಿ ಅವು ಬಿಸ್ಕತ್ತಿನ ಹಾಗೆ ಪದರು ಪದರಾಗಿ ಕಳಚಿಕೊಳ್ಳುತ್ತಿರುತ್ತವೆ, ನಿಮ್ಮ ಫ್ರಿಜ್ಜಿನ ಹಿಂಬದಿಗೂ ನಾಲ್ಕು ವರ್ಷದಲ್ಲಿ ಅದೇ ಗತಿ. ತಾರಸಿಯ ಮೇಲೆ ತಗಡಿನ ಮಾಡು ಇದೆಯೇ ನೋಡಿ. ಕಾಂಕ್ರೀಟ್ ಮನೆಗೆ ಮತ್ತೆ ತಗಡು ಯಾಕೆ ಎಂದು ನಾನು ಬಂದ ಹೊಸತರಲ್ಲಿ ಆಶ್ಚರ್ಯಪಟ್ಟಿದ್ದೆ. ಆ ತಗಡಿನ ಕೆಳಗೆ ಹಗ್ಗ ಕಟ್ಟಿ ನಾಲ್ಕು ತಿಂಗಳು ಬಟ್ಟೆ ಒಣಗಿಸುತ್ತಾರೆ, ತಾರಸಿಯೂ ಸೋರುವುದಿಲ್ಲ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆಯೇ ಎಂದು ಮನೆಯ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಕಾಳಿ ನದಿಯ ದಂಡೆಯಲ್ಲಿ, ಕಡಲ ಪಕ್ಕದಲ್ಲಿ ಇದು ಮಾಮೂಲು.

ಹಬ್ಬುವಾಡದಲ್ಲಿ ನಾವು ಈಗಿರುವ ಮನೆಯ ಒಡತಿಯನ್ನು ಎರಡನೆಯ ಮಳೆಗಾಲದಲ್ಲಿ ಭೇಟಿಯಾದೆ. ಹನ್ನೊಂದು ತಿಂಗಳ ಕರಾರು ಬರೆಯೋಣವೆಂದು ನಾನೇ ಆತುರ ಮಾಡಿದಾಗ ಆಕೆ, "ಈ ಮಳೆ ಒಂದು ಕಳೆಯಲಿ ತಂಗೀ. ನಿನಗೆ ಮನೆ ಹಿಡಿಸುತ್ತದೋ ಇಲ್ಲವೋ ನೋಡಿಕೋ. ಕಾಗದ ಆಮೇಲೆ ಮಾಡೋಣ" ಎಂದರು. ಆಕೆಯ ಗಂಡನ ಮನೆ ಅರಗಾದಲ್ಲಿತ್ತು. ನೌಕಾನೆಲೆಗೆಂದು ಭೂಮಿ ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳಲ್ಲಿ ಅವರದೂ ಒಂದು. ಪರಿಹಾರಕ್ಕಾಗಿ ಈ ಜನ ದಶಕಗಳ ಕಾಲ ನ್ಯಾಯಾಲಯಕ್ಕೆ ಅಲೆದಿದ್ದಾರೆ. ತಮ್ಮ ಗದ್ದೆಯ ಮೇಲೆ ಎದ್ದ ಕೆಲಸಗಳಿಗೆ ಹೊರಗಿನವರು ಬರುವುದನ್ನು ನೋಡುತ್ತ ಬದುಕುತ್ತಿದ್ದಾರೆ. ಹೊರಗಿನಿಂದ ಬರುವ ನಾವು ಈ ಸಂಗತಿ ತಿಳಿದೇ ಬರಬೇಕು. "ಇಲ್ಲಿನವರಿಗೆ ದುಡಿಯುವ ಮನಸ್ಸಿಲ್ಲ, ಅದಕ್ಕೇ ಊರು ಹೀಗಿದೆ" ಎಂದು ಕಚೇರಿಯ ಊಟದ ಹೊತ್ತಿನಲ್ಲಿ ಹೊಸಬರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ದುಡಿಯುವ ಮನಸ್ಸಿದ್ದವರೇ ನಸುಕಿನ ಗಾಡಿ ಹತ್ತಿ ಗೋವಾಕ್ಕೆ ಹೋಗಿದ್ದಾರೆ.

ಕೈಗಾ, ಕದ್ರಾ ಕಡೆ ಕೆಲಸವಾದರೆ ಆ ರಸ್ತೆಯಲ್ಲಿ ಒಮ್ಮೆ ಹೋಗಿಬನ್ನಿ, ಮೊಬೈಲ್ ಸಿಗ್ನಲ್ ಎಲ್ಲಿ ಹೋಗುತ್ತದೆ ಎಂದು ಗುರುತು ಹಾಕಿಕೊಳ್ಳಿ.

ಹೆಜ್ಜೆ 5: ಆಸ್ಪತ್ರೆಯ ದಾರಿಯನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ

ಉಳಿದದ್ದನ್ನೆಲ್ಲ ಹೇಗೋ ಸರಿದೂಗಿಸಬಹುದು, ಇದನ್ನು ಮಾತ್ರ ಸಾಧ್ಯವಿಲ್ಲ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಇಲ್ಲಿನ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿಂದ ಹೆರಿಗೆ, ಜ್ವರ, ಮೂಳೆ ಮುರಿತದಂಥವಕ್ಕೆ ಅನುಕೂಲವಾಗಿದೆ, ಅಲ್ಲಿನ ವೈದ್ಯರು ನಮಗೆ ಉಪಕಾರ ಮಾಡಿದ್ದಾರೆ. ಹೃದಯ, ಮೆದುಳು, ಕ್ಯಾನ್ಸರ್ ಎಂದರೆ ಮಾತ್ರ ಹೆಚ್ಚಿನವರು ಇಂದಿಗೂ ಹೊರಗೇ ಓಡುತ್ತಾರೆ. ಇರುವ ದಾರಿಗಳು ಮೂರು. ಉತ್ತರಕ್ಕೆ ಗೋವಾದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿರುವ ಬಾಂಬೋಳಿ, 100 ಕಿಲೋಮೀಟರ್ ಆಸುಪಾಸು. ದಕ್ಷಿಣಕ್ಕೆ ಮಣಿಪಾಲ, 200 ದಾಟುತ್ತದೆ. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ, 160ರ ಸುಮಾರು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿಹೋಯಿತು. ಅದು ನಾವು ಮಣಿಪಾಲಕ್ಕೆ ಹೋಗುವ ದಾರಿ. ಮೂರು ವಾರ ಕಳೆದು, ಆಗಸ್ಟ್ 7ರಂದು ಮಧ್ಯರಾತ್ರಿ ದಾಟಿದ ಹೊತ್ತಿಗೆ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಎತ್ತಿ ಬದುಕಿಸಿದರು. ಅದು ಗೋವಾಕ್ಕೆ ಹೋಗುವ ದಾರಿ. ಪಕ್ಕದ ಹೊಸ ಸೇತುವೆ ಗಟ್ಟಿಯಾಗಿದ್ದುದರಿಂದ ಸಂಪರ್ಕ ಉಳಿಯಿತು. ಒಂದೇ ಮಳೆಗಾಲದಲ್ಲಿ ಎರಡು ದಿಕ್ಕಿನ ಆಸ್ಪತ್ರೆಯ ದಾರಿಗಳಿಗೂ ಪೆಟ್ಟು ಬಿದ್ದ ಆ ದಿನಗಳಲ್ಲಿ ನಾನು ಅತ್ತೆಯ ಮಾತ್ರೆಗಳನ್ನು ಎಣಿಸಿ ಎಣಿಸಿ ಇಡುತ್ತಿದ್ದೆ.

ನೀವು ಮಾಡಬೇಕಾದದ್ದು: ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ, ಡಯಾಲಿಸಿಸ್, ಕಷ್ಟದ ಬಸಿರು ಇದ್ದರೆ ಅವರ ವೈದ್ಯರನ್ನು ನೇರವಾಗಿ ಕೇಳಿ, "ಎರಡು ಗಂಟೆ ತಡವಾದರೆ ಏನಾಗುತ್ತದೆ?" ತಡವಾಗಲೇಬಾರದು ಎಂದು ಅವರು ಹೇಳಿದರೆ ಕುಟುಂಬವನ್ನು ಕರೆತರಬೇಡಿ, ಒಬ್ಬರೇ ಬನ್ನಿ ಅಥವಾ ಬರಲೇಬೇಡಿ. ಬರುವವರು ಆರೋಗ್ಯ ವಿಮೆ ಗೋವಾ, ಮಣಿಪಾಲ, ಹುಬ್ಬಳ್ಳಿಗಳ ಯಾವ ಆಸ್ಪತ್ರೆಗಳಲ್ಲಿ ನಗದಿಲ್ಲದೆ ನಡೆಯುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಬಾಂಬೋಳಿಯಲ್ಲಿ ಎಲ್ಲವೂ ಉಚಿತವೆಂಬ ಹಳೆಯ ಮಾತನ್ನು ನಂಬಿಕೊಂಡು ಹೋಗಬೇಡಿ, 2018ರಿಂದ ಹೊರ ರಾಜ್ಯದವರಿಗೆ ಅಲ್ಲಿ ಶುಲ್ಕವಿದೆ. ಮಳೆಗಾಲಕ್ಕೆ ಮುಂಚೆ ಎರಡು ತಿಂಗಳ ಔಷಧಿ ಮನೆಯಲ್ಲಿರಲಿ.

ಹೆಜ್ಜೆ 6: ಮನೆಯ ಉಳಿದವರು

ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಹೆಜ್ಜೆ 1ರ ಹಾಳೆಯನ್ನು ಇಬ್ಬರಿಗೂ ಬೇರೆ ಬೇರೆಯಾಗಿ ಬರೆಯಿರಿ. ಒಬ್ಬರ ಸಂಬಳ ಏರಿತೆಂದು ಬಂದು, ಇನ್ನೊಬ್ಬರು ವರ್ಷಗಟ್ಟಲೆ ಮನೆಯಲ್ಲಿ ಕುಳಿತು ನೊಂದುಕೊಳ್ಳುವುದನ್ನು ನಾನು ನಾಲ್ಕಾರು ಮನೆಗಳಲ್ಲಿ ಕಂಡಿದ್ದೇನೆ.

ಮಕ್ಕಳ ಶಾಲೆಗೆ ಹತ್ತನೆಯ ತರಗತಿಯವರೆಗೆ ಚಿಂತೆಯಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ಕೇಂದ್ರೀಯ ವಿದ್ಯಾಲಯವಿದೆ, ಕೈಗಾದವರಿಗೆ ಮಲ್ಲಾಪುರದ ಟೌನ್‌ಶಿಪ್‌ನಲ್ಲಿ ಅಣುಶಕ್ತಿ ಶಾಲೆಯಿದೆ. ಪಿಯುಸಿ ಬಂದಾಗ ಹಲವರು ಮಕ್ಕಳನ್ನು ದಕ್ಷಿಣ ಕನ್ನಡಕ್ಕೋ ಧಾರವಾಡಕ್ಕೋ ಕಳುಹಿಸುತ್ತಾರೆ; ಆ ಹಾಸ್ಟೆಲ್ ಖರ್ಚನ್ನು ಈಗಲೇ ಲೆಕ್ಕದಲ್ಲಿಡಿ.

ಭಾಷೆಯ ಬಗ್ಗೆ ಹೆದರಿಕೆ ಬೇಡ. ಕಚೇರಿ, ಶಾಲೆ ಕನ್ನಡದಲ್ಲಿ ನಡೆಯುತ್ತವೆ. ಮೀನು ಮಾರುಕಟ್ಟೆ, ಬಾವಿಕಟ್ಟೆ ಕೊಂಕಣಿಯಲ್ಲಿ. ನಾಲ್ಕು ಮಾತು ಕಲಿತುಕೊಂಡರೆ ಬಂಗಡೆಯ ಜೊತೆಗೆ ಎರಡು ತಾರ್ಲೆ ಮೀನು ಹೆಚ್ಚಿಗೆ ಬೀಳುತ್ತವೆ.

ಹೆಜ್ಜೆ 7: ಬಂದರೂ ಒಮ್ಮೆಗೇ ಬೇರು ಬಿಡಬೇಡಿ

ಮೊದಲ ಆರು ತಿಂಗಳು ದುಡಿಯುವವರೊಬ್ಬರೇ ಬಂದಿರುವುದು ಒಳ್ಳೆಯದು, ಆ ಆರು ತಿಂಗಳಲ್ಲಿ ಮಳೆಗಾಲ ಸೇರಿರಲಿ. ಹಿಂದಿನ ಊರಿನ ಮನೆಯನ್ನು ಅಲ್ಲಿಯವರೆಗೆ ಬಿಡದಿರಲು ಸಾಧ್ಯವಾದರೆ ಬಿಡಬೇಡಿ. ಹೊರಡಬೇಕಾಗಿ ಬಂದರೆ ಸಾಮಾನು ಸಾಗಿಸಲು, ಹೊಸ ಊರಿನ ಮುಂಗಡಕ್ಕೆ, ನಾಲ್ಕು ತಿಂಗಳ ಮನೆಖರ್ಚಿಗೆ ಆಗುವಷ್ಟು ಹಣವನ್ನು ಬೇರೆ ಖಾತೆಯಲ್ಲಿಡಿ. ಇದು ಮೂರು ತಿಂಗಳು ಸಂಬಳವಿಲ್ಲದೆ ಕಳೆದವಳ ಮಾತು.

ಜಾಗ ಕೊಳ್ಳುವ ಆಸೆ ಮೊದಲ ಚಳಿಗಾಲದಲ್ಲೇ ಬರುತ್ತದೆ. ಮೂರು ಮಳೆಗಾಲ ತಡೆಯಿರಿ. ಈ ಜಿಲ್ಲೆಯಲ್ಲಿ ಬಹುಪಾಲು ನೆಲ ಅರಣ್ಯದ್ದು, ತೀರದ ಪಕ್ಕದ್ದಕ್ಕೆ ಕರಾವಳಿ ನಿಯಂತ್ರಣ ವಲಯದ ಕಟ್ಟಳೆಗಳು ಅನ್ವಯಿಸುತ್ತವೆ. ಕಾಳಿಯ ದಂಡೆಗೂ ಭರತದ ನೀರು ಏರುವಷ್ಟು ದೂರದವರೆಗೆ ಆ ಕಟ್ಟಳೆ ಇದೆ ಎಂಬುದನ್ನು ದಲ್ಲಾಳಿಗಳು ತಾವಾಗಿ ಹೇಳುವುದಿಲ್ಲ. ಇಲ್ಲಿನ ಭೂದಾಖಲೆ ಬಲ್ಲ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ.

ಕೊನೆಯದಾಗಿ, ಯಾವ ಸ್ಥಿತಿ ಬಂದರೆ ಊರು ಬಿಡುತ್ತೀರಿ ಎಂಬುದನ್ನು ಬರುವ ಮೊದಲೇ ಬರೆದಿಡಿ, ಮನೆಯವರೆಲ್ಲ ಓದಿ ಒಪ್ಪಲಿ. ಕಷ್ಟದ ನಡುವೆ ಕುಳಿತಾಗ ಇನ್ನೊಂದು ತಿಂಗಳು ನೋಡೋಣ ಎನಿಸುತ್ತಲೇ ಇರುತ್ತದೆ. ನಮ್ಮ ಹಾಳೆ ಬಟ್ಟೆಯ ಕಪಾಟಿನೊಳಗೆ ಅಂಟಿದೆ, ಅಂಚಿಗೆ ಸ್ವಲ್ಪ ಬೂಷ್ಟು ಹಿಡಿದಿದೆ. ಅದರಲ್ಲಿ ಎರಡೇ ಸಾಲು: ಎರಡು ತಿಂಗಳು ಸಂಬಳ ನಿಂತರೆ ಹೊಸ ಕೆಲಸ ಹುಡುಕುವುದು, ಅತ್ತೆಯ ವೈದ್ಯರು ಹತ್ತಿರ ಬನ್ನಿ ಎಂದರೆ ಆ ತಿಂಗಳೇ ಹೊರಡುವುದು. ಮೊದಲ ಸಾಲಿನ ಪ್ರಕಾರ ನಾನು ಆಗಲೇ ಕೆಲಸ ಬದಲಿಸಿದ್ದೇನೆ. ಈಗಿರುವುದು ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ, ಮೀನು ವ್ಯಾಪಾರಿಗಳ, ಸಣ್ಣ ಗುತ್ತಿಗೆದಾರರ ಜಿಎಸ್‌ಟಿ ಲೆಕ್ಕ ನೋಡಿಕೊಂಡು. ಪ್ರತಿ ವರ್ಷ ಮೇ ಕೊನೆಯ ವಾರ, ಮಳೆಗೆ ಮುನ್ನ, ಗಂಡ ಬಂದ ಭಾನುವಾರ ಮೂವರೂ ಕುಳಿತು ಆ ಹಾಳೆಯನ್ನು ಮತ್ತೊಮ್ಮೆ ಓದುತ್ತೇವೆ.